ಯಂತ್ರದೊಳಗಿನ ದುಭಾಷಿ

ಎಮ್ಯುಲೇಟರ್ ಎಂಬುದು ಗಣಕಯಂತ್ರದೊಳಗೆ ಕುಳಿತ ದುಭಾಷಿ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ಹೊರತಂದ, ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯ ಭಾಷೆಯೇ ಬೇರೆ, ಪೆಂಟಿಯಂ ಭಾಷೆಯೇ ಬೇರೆ. 1997ರಲ್ಲಿ ಬಂದ ನೆಸ್ಟಿಕಲ್ ಎಂಬ ಪುಟ್ಟ ತಂತ್ರಾಂಶ ಆ ಪೆಟ್ಟಿಗೆಯ ಒಂದೊಂದು ಆಜ್ಞೆಯನ್ನೂ ಅಲ್ಲಲ್ಲೇ ಅನುವಾದಿಸಿ, ವಿಂಡೋಸ್ 95ರ ತೆರೆಯ ಮೇಲೆ ಮಾರಿಯೊನನ್ನು ಕುಣಿಸುತ್ತಿತ್ತು. ಮೂಲ ಚಿಪ್ಪಿನ ವೇಗ 2 ಮೆಗಾಹರ್ಟ್ಸಿಗೂ ಕಡಿಮೆ. ಅದನ್ನು ಅನುಕರಿಸಲು ಹತ್ತಾರು ಪಟ್ಟು ಚುರುಕಾದ ಯಂತ್ರ ಬೇಕಾಗುತ್ತಿತ್ತು. ಅನುವಾದದ ದುಡಿಮೆ ಅಷ್ಟು.

ಕಾಸರಗೋಡಿನವರಾದ ನಮಗೆ ಆ ದುಡಿಮೆ ಗೊತ್ತು. ಮಲಯಾಳದ ಅರ್ಜಿ ತುಂಬುವಾಗ ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತೇವೆ. ನೋಡುವವರಿಗೆ ತುಸು ತಡವಾದದ್ದಷ್ಟೇ ಕಾಣುತ್ತದೆ.

1998ರಲ್ಲಿ ಆಡುತ್ತಾ ಕುಳಿತ ಮಗ ಕೇಳಿದ್ದ: "ಅಪ್ಪಾ, ಬೇರೆ ಯಂತ್ರದೊಳಗೆ ಇದ್ದೇನೆಂದು ಈ ಆಟಕ್ಕೆ ಗೊತ್ತುಂಟಾ?" ಇಲ್ಲ, ಅದಕ್ಕೆ ತನ್ನ ಮನೆಯಲ್ಲೇ ಇದ್ದಂತೆ. ಹಳೆಯ ಪೆಟ್ಟಿಗೆಗಳು ಕೆಟ್ಟು ಮೂಲೆ ಸೇರಿದವು. ಆಸಕ್ತರು ಕುಳಿತು ದುಭಾಷಿಯನ್ನು ಬರೆದದ್ದರಿಂದ ಆಟ ಉಳಿಯಿತು.

ಆ ಮಗ ಈಗ ದೂರದ ಊರಿನಲ್ಲಿದ್ದಾನೆ. ಮೊಮ್ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ನಾನು ಕನ್ನಡದಲ್ಲೇ ಉತ್ತರಿಸುತ್ತೇನೆ. ನಡುವೆ ಅವನೇ ದುಭಾಷಿ. ಅವನಿಗೆ ಆ ದುಡಿಮೆ ಬೇಸರವಾಗದಿರಲಿ.