ಉರಿಯದ ಉಪ್ಪು

ಮಾಧವರಂನಲ್ಲಿ ಮನೆ ಮಾಡಿರುವ ನಾವು ಊರಿಂದ ಬರುವ ನೆಂಟರಿಗೆ ಗುರುತು ಹೇಳುವುದು ಎರಡೇ: ಒಂದು ಹಾಲಿನ ಕಾಲನಿ, ಇನ್ನೊಂದು ಸಾಲುಸಾಲು ಲಾರಿಗಳು. ಪಕ್ಕದ ಮಣಲಿಯಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ, ರಸಗೊಬ್ಬರದ ಕಾರ್ಖಾನೆ; ಸುತ್ತಮುತ್ತ ಗೋದಾಮುಗಳು. ಅವುಗಳ ಒಳಗೇನಿದೆಯೆಂದು ನಾವೆಂದೂ ಕೇಳಿದವರಲ್ಲ.

2020ರ ಫೆಬ್ರವರಿ 29ರಂದು ಕೇಳಬೇಕಾಯಿತು. ಮಾಧವರಂನಲ್ಲೇ ರಾಸಾಯನಿಕಗಳಿದ್ದ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಒಣಹಾಕಿದ ಬಟ್ಟೆ ತೆಗೆಯಲು ಮಹಡಿಗೆ ಹೋದವರು ಕರಿಯ ಹೊಗೆ ನೋಡುತ್ತ ನಿಂತೆವು. ಅದು ಮರೆಯುವ ಮೊದಲೇ ಆಗಸ್ಟ್ 4ರಂದು ದೂರದ ಬೈರೂತ್ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಯ್ಯೋ ಪಾಪ ಎನ್ನುತ್ತಿದ್ದ ಹಾಗೆಯೇ ನಮ್ಮ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿ: ಕಸ್ಟಮ್ಸಿನವರು 2015ರಲ್ಲಿ ವಶಪಡಿಸಿಕೊಂಡ ಅದೇ ಪದಾರ್ಥ, ಸುಮಾರು 697 ಟನ್, 37 ಕಂಟೇನರುಗಳಲ್ಲಿ ಮಣಲಿಯ ಬಳಿಯೇ ಇದೆ! ಐದು ವರ್ಷ ನಾವು ಅದರ ನೆರೆಯಲ್ಲಿ ಹಾಯಾಗಿ ನಿದ್ದೆ ಮಾಡಿದ್ದೆವು.

ಮನೆಯಲ್ಲಿ ಅತ್ತೆಯವರು ಕೇಳಿದರು: "ಗೊಬ್ಬರ ಅಂತೀರಿ. ಊರಲ್ಲಿ ಗೊಬ್ಬರದ ಮೂಟೆ ಮೇಲೇ ಕೂತು ಎಲೆ ಅಡಿಕೆ ಹಾಕಿಕೊಂಡವರು ನಾವು. ಅದೆಲ್ಲಾದರೂ ಸಿಡಿಯುತ್ತದೆಯೆ?"

ಪ್ರಶ್ನೆ ಸಣ್ಣದಲ್ಲ. ಉತ್ತರ ಹುಡುಕುತ್ತ ನಾವು ಕಲಿತದ್ದಿಷ್ಟು. ಕೆಲವು ಪದಾರ್ಥಗಳು ತಾವಾಗಿ ಉರಿಯುವುದಿಲ್ಲ, ಪಕ್ಕದವರನ್ನು ಉರಿಸುತ್ತವೆ. ಬೆಂಕಿಗೆ ಬೇಕಾದ ಆಮ್ಲಜನಕವನ್ನು ಒಡಲಲ್ಲೇ ಇಟ್ಟುಕೊಂಡಿರುವ ಇವಕ್ಕೆ ಉತ್ಕರ್ಷಕಗಳೆಂದು ಹೆಸರು. ಹಳಬರಿಗೆ ಗೊತ್ತಿದ್ದ ಪೆಟ್ಲುಪ್ಪು ಇದೇ ಜಾತಿಯದು. ಬರಿಯ ಪೆಟ್ಲುಪ್ಪು ಸಾಧು. ಇದ್ದಿಲು, ಗಂಧಕ ಜೊತೆಗೂಡಿದರೆ ಮದ್ದು. ಟಿಪ್ಪುವಿನ ಬಾಣಗಳ ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದುದು ಇಂಥ ಮದ್ದೇ.

ಹಾಗಾದರೆ ಒಂದು ಪುಡಿ ಎಷ್ಟು ಅಪಾಯಕಾರಿ ಎಂದು ಅಳೆಯುವುದು ಹೇಗೆ? ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಲ್ಲಿ ಹೇಳಿರುವ ವಿಧಾನ ನಮಗೆ ಬಹಳ ಹಿಡಿಸಿತು. ಪುಡಿಯೊಂದನ್ನೇ ಸುಡುವುದಿಲ್ಲ. ನಾರಿನ ಒಣ ಸೆಲ್ಯುಲೋಸಿನೊಡನೆ ನಾಲ್ಕಕ್ಕೊಂದು ಮತ್ತು ಸಮಸಮ ತೂಕದಲ್ಲಿ ಬೆರೆಸಿ, 30 ಗ್ರಾಂ ಮಿಶ್ರಣವನ್ನು ಶಂಕುವಿನಂತೆ ಗುಡ್ಡೆ ಮಾಡಿ, ಅಡಿಯಲ್ಲಿಟ್ಟ ತಂತಿಯನ್ನು ವಿದ್ಯುತ್ತಿನಿಂದ ಕಾಯಿಸುತ್ತಾರೆ. ಉರಿದು ಮುಗಿಯಲು ಹಿಡಿದ ಹೊತ್ತನ್ನು ಪೊಟಾಸಿಯಂ ಬ್ರೋಮೇಟು ಬೆರೆತ ಸೆಲ್ಯುಲೋಸಿನ ಹೊತ್ತಿನೊಡನೆ ಹೋಲಿಸುತ್ತಾರೆ. ಮೂರು ಪಾಲು ಬ್ರೋಮೇಟಿಗೆ ಏಳು ಪಾಲು ಸೆಲ್ಯುಲೋಸಿನ ಮಿಶ್ರಣದಷ್ಟಾದರೂ ಉರಿಯದಿದ್ದರೆ ಉತ್ಕರ್ಷಕಗಳ ಪಟ್ಟಿಗೆ ಸೇರಿಸುವುದಿಲ್ಲ; ಮೂರಕ್ಕೆ ಎರಡರ ಮಿಶ್ರಣವನ್ನೂ ಮೀರಿಸಿದರೆ ಅತಿ ಅಪಾಯದ ಗುಂಪು. ಎಂದರೆ, ಇಂಥವರ ಗುಣ ತಿಳಿಯಬೇಕಾದರೆ ಸಹವಾಸದಲ್ಲಿಟ್ಟೇ ನೋಡಬೇಕು.

ಅಮೋನಿಯಂ ನೈಟ್ರೇಟಿನ ಲೆಕ್ಕದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸಾಗಣೆಯಲ್ಲಿ ಅದು 1942 ಎಂಬ ಸಂಖ್ಯೆಯಡಿ ಉತ್ಕರ್ಷಕಗಳ 5.1ನೇ ವರ್ಗದಲ್ಲಿ ಬರಬೇಕಾದರೆ ಅದರೊಳಗಿನ ಉರಿಯುವ ಅಂಶ 0.2 ಪ್ರತಿಶತ ಮೀರಬಾರದು. ಕಿಲೋಗೆ ಎರಡೇ ಗ್ರಾಂ! ಎಣ್ಣೆ ಸೋಕಿದರೆ, ದೊಡ್ಡ ರಾಶಿಗೆ ಬೆಂಕಿ ತಗುಲಿ ಕರಗಿ ಬಿಸಿ ಹೊರಹೋಗಲು ದಾರಿ ಸಿಗದಿದ್ದರೆ, ಗೊಬ್ಬರವೇ ಸಿಡಿಮದ್ದು. 1947ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಹಡಗಿಗೆ ತುಂಬಿದ್ದ ಇದೇ ಗೊಬ್ಬರಕ್ಕೆ ಬೆಂಕಿ ಬಿದ್ದು ಐನೂರಕ್ಕೂ ಹೆಚ್ಚು ಜನ ಬಲಿಯಾದರು. ಮಣಲಿಯ ಸರಕನ್ನೂ ಗೊಬ್ಬರವೆಂದೇ ತರಿಸಲಾಗಿತ್ತು. ಅದು ಸ್ಫೋಟಕ ದರ್ಜೆಯದೆಂಬ ಕಾರಣಕ್ಕೇ ಹಿಡಿದಿಟ್ಟದ್ದೆಂದು ವರದಿಯಾಗಿತ್ತು.

ನಿಯಮಗಳಿರಲಿಲ್ಲವೆ? ಇದ್ದವು. 2011ರಲ್ಲೇ ತೂಕದಲ್ಲಿ 45 ಪ್ರತಿಶತಕ್ಕಿಂತ ಹೆಚ್ಚು ಅಮೋನಿಯಂ ನೈಟ್ರೇಟ್ ಇರುವ ಮಿಶ್ರಣವನ್ನು ನಮ್ಮ ಸರಕಾರ ಸ್ಫೋಟಕವೆಂದು ಸಾರಿತ್ತು. 2012ರಲ್ಲಿ ಅದಕ್ಕೆಂದೇ ನಿಯಮಗಳು ಬಂದವು. ಪದಾರ್ಥವನ್ನು ಅಳೆದದ್ದಾಗಿತ್ತು, ಹೆಸರಿಟ್ಟದ್ದೂ ಆಗಿತ್ತು. ಬೈರೂತಿನ ಸದ್ದು ಕೇಳುವವರೆಗೆ ಅದರ ನೆರೆಹೊರೆಯನ್ನು ಅಳೆದಿರಲಿಲ್ಲ, ಅಷ್ಟೆ. ಆಮೇಲೆ ಆಗಸ್ಟ್ ತಿಂಗಳಲ್ಲೇ ಕಂಟೇನರುಗಳು ಹೈದರಾಬಾದಿನತ್ತ ಹೊರಟವು. 2021ರಲ್ಲಿ ನಿಯಮಗಳೂ ತಿದ್ದುಪಡಿಯಾದವು. ನಮ್ಮ ಪುಣ್ಯ, ಇಲ್ಲಿ ಏನೂ ಆಗಲಿಲ್ಲ. ಆದರೆ ಪುಣ್ಯವನ್ನೇ ನಂಬಿ ಎಷ್ಟು ದಿನ ಇರುವುದು?

ಅತ್ತೆಯವರಿಗೆ ಇದನ್ನೆಲ್ಲ ವಿವರಿಸಿದೆವು. ಸುಮ್ಮನೆ ಕೇಳಿ, ಎದ್ದು ಹೋಗಿ, ಬಚ್ಚಲ ಮೂಲೆಯಲ್ಲಿ ಸೀಮೆಎಣ್ಣೆ ಡಬ್ಬಕ್ಕೆ ತಾಗಿಕೊಂಡಿದ್ದ ಬ್ಲೀಚಿಂಗ್ ಪೌಡರನ್ನು ತೆಗೆದು ದೂರದ ಒಣ ಜಾಗದಲ್ಲಿಟ್ಟು ಬಂದರು. "ಇದೂ ಅದೇ ಜಾತಿಯಲ್ಲವೆ?" ಎಂದರು.

ಹೌದು, ಅದೇ ಜಾತಿ. ಈಗ ನಾವು ಗೋದಾಮುಗಳ ಮುಂದೆ ಹಾಯುವಾಗ ಲಾರಿಗಳ ಬೆನ್ನು ನೋಡುತ್ತೇವೆ. ಹಳದಿ ಚೌಕದಲ್ಲಿ ವೃತ್ತದ ಮೇಲೆ ಜ್ವಾಲೆಯ ಗುರುತಿದ್ದರೆ, ಪಕ್ಕದಲ್ಲಿ ಯಾವ ಲಾರಿ ನಿಂತಿದೆಯೆಂದು ಇನ್ನೊಮ್ಮೆ ನೋಡುತ್ತೇವೆ.