ಚದರ ಅಡಿಗೆ ಎಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಗಾದೆ ಮಾಡಿದ ಹಿರಿಯರು ‘ಮನೆ ಮಾರಿ ನೋಡು’ ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ಕಾಣೆ. ಪ್ರಾಯಶಃ ಅವರ ಕಾಲದಲ್ಲಿ ಕಟ್ಟಿದ ಮನೆಯನ್ನು ಮಾರುವ ಪ್ರಸಂಗ ಬರುತ್ತಿದ್ದುದೇ ಅಪರೂಪ. ನನಗಂತೂ ಐವತ್ತಾರನೆಯ ವಯಸ್ಸಿನಲ್ಲಿ ಆ ಯೋಗ ಕೂಡಿಬಂತು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಓಮ್‌ನ ನಿಯಮ, ಆಮ್ಲ ಪ್ರತ್ಯಾಮ್ಲ ಹೇಳಿಕೊಟ್ಟ ನಾನು 2024ರ ಬೇಸಿಗೆ ರಜೆಯನ್ನೆಲ್ಲ ಬೆಂಗಳೂರಿನ ಬಡಾವಣೆಗಳಲ್ಲಿ ‘ಇಲ್ಲಿ ಚದರ ಅಡಿಗೆ ಎಷ್ಟು?’ ಎಂದು ಕೇಳುತ್ತಾ ಕಳೆದೆ.

ನಮ್ಮದು ಬನಶಂಕರಿ ಎರಡನೇ ಹಂತದ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು 1976ರಲ್ಲಿ. ಅದಾದ ಎರಡು ವರ್ಷಕ್ಕೆ ಗುಮಾಸ್ತರಾಗಿದ್ದ ನಮ್ಮಪ್ಪನಿಗೆ ನಿವೇಶನ ಮಂಜೂರಾಯಿತು. ಅವರು ಕಟ್ಟಿದ ಹಣ ಏಳು ಸಾವಿರ ಚಿಲ್ಲರೆ. ‘ಅಷ್ಟು ದೂರ ಹೋಗಿ ಏನು ಮಾಡ್ತೀರಿ ರಾಯರೇ, ಕಾಗದ ಹಾಕೋಕೆ ಅಂಚೆಯವನೂ ಬರೋಲ್ಲ’ ಎಂದು ಕಚೇರಿಯವರು ನಕ್ಕಿದ್ದರಂತೆ. 1983ರಲ್ಲಿ ಮನೆ ಎದ್ದಿತು. ಆ ‘ದೂರ’ ಈಗ ನಗರದ ನಟ್ಟನಡುವೆ ಬಂದು ಕುಳಿತಿದೆ. ಮನೆ ಕದಲಲಿಲ್ಲ, ಊರೇ ನಡೆದು ಬಂತು.

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಮ್ಮ, ನಾನು, ನನ್ನಾಕೆ ಆ ಮನೆಯಲ್ಲಿದ್ದೆವು. ಅಣ್ಣ ಪುಣೆಯಲ್ಲಿ, ತಂಗಿ ಅರಸೀಕೆರೆಯಲ್ಲಿ. ನಿವೃತ್ತನಾದ ಅಣ್ಣನಿಗೆ ಮಗಳ ಓದಿನ ಸಾಲ ಬೆಟ್ಟದಷ್ಟಿತ್ತು. ಅವನು ಫೋನಿನಲ್ಲಿ ಹೇಳಿದ: ‘ಮಾರಿಬಿಡೋಣ ಕಣೋ. ನೀನು ಮೇಷ್ಟ್ರು, ಲೆಕ್ಕ ಗೊತ್ತು. ನಮ್ಮದಕ್ಕೆ ಎಷ್ಟು ಬರುತ್ತೆ, ನೀನೂ ಅಮ್ಮನೂ ಎಲ್ಲಿ ತಗೋಬಹುದು, ಒಂದು ಪಟ್ಟಿ ಮಾಡು.’

ವಿಜ್ಞಾನದ ಮೇಷ್ಟ್ರಿಗೆ ಪಟ್ಟಿ ಮಾಡು ಎಂದರೆ ಕೇಳಬೇಕೆ! ಹಳೆಯ ಪ್ರಯೋಗ ದಾಖಲೆ ಪುಸ್ತಕವೊಂದನ್ನು ತೆಗೆದೆ. ಎಡಪುಟ ಖಾಲಿ, ಬಲಪುಟಕ್ಕೆ ಗೆರೆ. ಸಿದ್ಧನಾದೆ.

ಮೊದಲ ದಿನವೇ ತೊಡಕು ಶುರುವಾಯಿತು. ಒಂದೇ ಮನೆಗೆ ಮೂರು ಬೆಲೆ! ಹೇಳುವ ಬೆಲೆ, ಬರೆಯುವ ಬೆಲೆ, ಕೈಗೆ ಬರುವ ಬೆಲೆ. ಹೇಳುವುದು ದಲ್ಲಾಳಿ, ಅದರಲ್ಲಿ ಚೌಕಾಸಿಗೆ ಜಾಗ ಬಿಟ್ಟಿರುತ್ತಾನೆ. ಬರೆಯುವುದು ಕ್ರಯಪತ್ರದಲ್ಲಿ, ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆ ಬರೆದರೂ ಮುದ್ರಾಂಕ ಶುಲ್ಕ ಆ ದರದ ಮೇಲೆಯೇ. 2023ರ ಅಕ್ಟೋಬರಿನಲ್ಲಿ ಆ ದರಗಳನ್ನು ಪರಿಷ್ಕರಿಸಿದ ಮೇಲೂ ನಾನು ನೋಡಿದ ಬೀದಿಗಳಲ್ಲಿ ಅವು ಪೇಟೆಯ ದರಕ್ಕಿಂತ ಹಿಂದೆಯೇ ಇದ್ದವು. ಆದ್ದರಿಂದ ನೆರೆಮನೆಯವರ ಕ್ರಯಪತ್ರ ನೋಡಿ ‘ಇಲ್ಲಿ ಇಷ್ಟೇ ನಡೆದಿದೆ’ ಎಂದು ತೀರ್ಮಾನಿಸುವುದು, ತಕ್ಕಡಿಯ ಮುಳ್ಳನ್ನು ಓರೆಯಿಂದ ನೋಡಿ ತೂಕ ಬರೆದುಕೊಂಡಂತೆ. ಕೈಗೆ ಬರುವ ಬೆಲೆಯನ್ನು ತಿಳಿಯಬೇಕಾದರೆ ಇತ್ತೀಚೆಗೆ ಮಾರಿದವರನ್ನೇ ಹುಡುಕಿ, ಕಾಫಿ ಕುಡಿದು, ಮಾತಿಗೆಳೆಯಬೇಕು. ಹಾಗೆ ಕುಡಿದ ಕಾಫಿಯ ಲೆಕ್ಕ ನಾನು ಇಟ್ಟಿಲ್ಲ.

ಎರಡನೆಯದು ಮಾನದ ತೊಡಕು. ಕಿಲೋಗ್ರಾಮನ್ನು ಮೀಟರಿನೊಡನೆ ಹೋಲಿಸಬೇಡಿ ಎಂದು ಮಕ್ಕಳಿಗೆ ಗದರುವವನು ನಾನು. ಇಲ್ಲಿ ಎಲ್ಲರೂ ‘ಚದರ ಅಡಿ’ ಎನ್ನುತ್ತಾರೆ, ಆದರೆ ಒಬ್ಬೊಬ್ಬರ ಅಡಿ ಒಂದೊಂದು. ನಿವೇಶನ ಮಾರುವವನದು ನೆಲದ ಅಡಿ. ಫ್ಲ್ಯಾಟ್ ಮಾರುವವನದು ಸೂಪರ್ ಬಿಲ್ಟ್‌ಅಪ್. ಅದರಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲೂ ಸೇರಿರುತ್ತದೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ನಿಜವಾಗಿ ಕಾಲಿಡುವ ಜಾಗ ಎಷ್ಟೆಂದು ತಿಳಿಸಲೇಬೇಕೆಂದು ಹೇಳಿದೆ. ನಾನು ಟೇಪು ಹಿಡಿದು ಅಳೆದ ‘ಸಾವಿರದ ಇನ್ನೂರು ಅಡಿ’ಯ ಹಳೆಯ ಫ್ಲ್ಯಾಟೊಂದು ಒಳಗೆ ಒಂಬೈನೂರು ಅಡಿಯೂ ಇರಲಿಲ್ಲ. ಆ ಕಟ್ಟಡ ನಿಂತ ನೆಲದಲ್ಲಿ ಕೊಳ್ಳುವವನ ಅವಿಭಾಜ್ಯ ಪಾಲು ಎಷ್ಟು ಎಂದು ಕೇಳಿದರೆ ದಲ್ಲಾಳಿ ನನ್ನ ಮುಖ ನೋಡಿದ. ಅಂದಿನಿಂದ ನನ್ನ ಪಟ್ಟಿ ಎರಡಾಯಿತು: ನೆಲದ್ದು ಬೇರೆ, ಫ್ಲ್ಯಾಟಿನದು ಬೇರೆ.

ಅಷ್ಟಾದ ಮೇಲೆ ಗ್ರಾಫ್ ಹಾಳೆ. ಅಡ್ಡಕ್ಕೆ ಮೆಜೆಸ್ಟಿಕ್‌ನಿಂದ ದೂರ, ಉದ್ದಕ್ಕೆ ದರ. ಮೈಸೂರು ರಸ್ತೆಯ ಗುಂಟ ಚುಕ್ಕೆಗಳು ಪಾಠ ಓದಿದ ಮಕ್ಕಳಂತೆ ಸಾಲಾಗಿ ಇಳಿದವು. ನನಗೆ ಸಿಕ್ಕ ಮಾಹಿತಿಯಂತೆ ನಮ್ಮ ಬೀದಿಯಲ್ಲಿ ಚದರ ಅಡಿಗೆ 18,000 ರೂಪಾಯಿ, ಕೆಂಗೇರಿ ಉಪನಗರದಲ್ಲಿ ಹತ್ತು ಹನ್ನೊಂದು ಸಾವಿರ, ಕುಂಬಳಗೋಡಿನ ಕಡೆ ಐದು ಆರು ಸಾವಿರ. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನು ನೋಡಿ, ‘ಇದು ಹೊಸದಲ್ಲ ಸ್ವಾಮಿ, ಜರ್ಮನಿಯ ಥ್ಯೂನೆನ್ ಎಂಬ ಜಮೀನುದಾರ 1826ರಲ್ಲೇ ಬರೆದಿಟ್ಟಿದ್ದಾನೆ’ ಎಂದರು. ಪೇಟೆಯಿಂದ ದೂರ ಹೋದಷ್ಟೂ ಸಾಗಣೆಯ ಖರ್ಚು ಏರಿ ನೆಲದ ಗುತ್ತಿಗೆ ಇಳಿಯುತ್ತದೆ ಎಂಬುದು ಅವನ ವಾದ. ಅವನು ಹೇಳಿದ್ದು ಬೆಳೆಯುವ ಹೊಲಕ್ಕೆ. 1964ರಲ್ಲಿ ಅಲೊನ್ಸೊ ಎಂಬಾತ ಅದನ್ನೇ ನಗರದ ಮನೆಗಳಿಗೆ ಹೊಂದಿಸಿದ.

ಆದರೆ ಬೆಂಗಳೂರು ಒಂದೇ ಪೇಟೆಯ ಊರಲ್ಲವಲ್ಲ! ಹೆಚ್ಚುಕಡಿಮೆ ಕುಂಬಳಗೋಡಿನಷ್ಟೇ ದೂರದ ವೈಟ್‌ಫೀಲ್ಡ್‌ನಲ್ಲಿ ಅದರ ಎರಡು ಪಟ್ಟು ಹೇಳಿದರು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ವಸಾಹತಾಗಿ ಶುರುವಾದ ಆ ಊರಿಗೆ ಮೆಜೆಸ್ಟಿಕ್ ಎಷ್ಟು ದೂರ ಎಂದು ಈಗ ಯಾರು ಕೇಳುತ್ತಾರೆ? ಕೆಲಸ ಅಲ್ಲೇ ಇದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರದ ಚುಕ್ಕೆಗಳೂ ಮೇಲೆದ್ದವು. ಮೆಟ್ರೊ 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂದಾಗ ಅಲ್ಲಿನ ದಲ್ಲಾಳಿಗಳು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದನ್ನು ಬಿಟ್ಟು ನಿಮಿಷಗಳಲ್ಲಿ ಹೇಳತೊಡಗಿದರು.

ದೂರ ಒಂದೇ ಇದ್ದರೂ ದರ ಬೇರೆಯಾಗುವುದನ್ನೂ ಕಂಡೆ. ರಸ್ತೆಯ ಈಚೆ ಪ್ರಾಧಿಕಾರದ ಬಡಾವಣೆ, ಆಚೆ ರೆವಿನ್ಯೂ ನಿವೇಶನ. ಮಣ್ಣು ಒಂದೇ, ಗಾಳಿ ಒಂದೇ. ಆಚೆಯದು ಭೂಪರಿವರ್ತನೆಯಾಗದೆ ಹಂಚಿದ ಹೊಲ, ‘ಬಿ’ ಖಾತಾ. ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕುತ್ತಾರೆ. ಆ ಒಂದಕ್ಷರಕ್ಕೆ ಬೆಲೆಯಲ್ಲಿ ಮೂರನೇ ಒಂದು ಭಾಗ ಹೋಗಿತ್ತು. ಇನ್ನು ನೀರು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರುಗಳಿಗೆ ಜನ ಕಾದದ್ದು ನಿಮಗೆ ನೆನಪಿರಬಹುದು. ಅದರ ಮರುತಿಂಗಳು ಅಲೆದ ನಾನು ಎಲ್ಲಕ್ಕಿಂತ ಮೊದಲು ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಪಟ್ಟಿಯಲ್ಲಿ ‘ಕಾವೇರಿ’ ಎಂಬ ಕಾಲಮ್ಮೂ ಸೇರಿತು.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ನಮ್ಮ ಮನೆಯ ಸಾಲು. ಕೊಳ್ಳಲು ಬಂದವರು ಯಾರೂ ಒಳಗಿನ ಕೋಣೆಗಳನ್ನು ನೋಡಲೇ ಇಲ್ಲ. ಅಂಗಳದಲ್ಲೇ ನಿಂತು ರಸ್ತೆಯ ಅಗಲ ಅಳೆದರು. ಒಬ್ಬರು ಹೇಳಿದರು: ‘ನೆಲಕ್ಕೆ ಮಾತ್ರ ಬೆಲೆ ಸಾರ್. ಕಟ್ಟಡಕ್ಕೆ ಸೊನ್ನೆ. ಒಡೆಸೋ ಖರ್ಚು ನಮ್ಮ ಮೇಲೇ ಬೀಳುತ್ತೆ.’ ಅಪ್ಪ ಭವಿಷ್ಯನಿಧಿಯಿಂದ ಸಾಲ ತೆಗೆದು ಕಟ್ಟಿಸಿದ ಹತ್ತು ಚದರದ ಮನೆಗೆ ಸೊನ್ನೆ. ನಾನು ಪಟ್ಟಿಯಲ್ಲಿ ಸೊನ್ನೆ ಬರೆದುಕೊಂಡೆ.

ಗಟ್ಟಿಯಾಗಿ ಬಂದ ಮಾತು, ದಲ್ಲಾಳಿಯ ಕಮಿಷನ್ನು ಕಳೆದು, 2 ಕೋಟಿ 16 ಲಕ್ಷ. ಹಂಚಿಕೆಯ ಲೆಕ್ಕವನ್ನು ಅಣ್ಣನೇ ಹೇಳಿದ್ದ: ತಂಗಿಗೆ ಅರಿಶಿನ ಕುಂಕುಮಕ್ಕೆಂದು ಹತ್ತು ಲಕ್ಷ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು, ಮಿಕ್ಕದ್ದು ಅಮ್ಮ, ಅಣ್ಣ, ನಾನು ಮೂರು ಪಾಲು. ತಲಾ 68 ಲಕ್ಷ 66 ಸಾವಿರ. ಅಮ್ಮನದೂ ನನ್ನದೂ ಸೇರಿ 1 ಕೋಟಿ 37 ಲಕ್ಷ. ಕೆಂಗೇರಿ ಉಪನಗರದಲ್ಲಿ ಒಂದು ಹಳೆಯ ಮನೆ 1 ಕೋಟಿ 28 ಲಕ್ಷಕ್ಕೆ ಇತ್ತು. ಮುದ್ರಾಂಕ, ನೋಂದಣಿ ಎಲ್ಲ ಸೇರಿ ಆಗ ಸುಮಾರು ಶೇ 6.6. ಸರಿಯಾಗಿ ಹೊಂದುತ್ತಿತ್ತು. ಮೆಟ್ರೊ ಹತ್ತಿರ, ಆಸ್ಪತ್ರೆ ಹತ್ತಿರ, ಕಾವೇರಿ ನೀರು. ನನ್ನಾಕೆ ಅಡುಗೆಮನೆಗೆ ಯಾವ ಬಣ್ಣ ಹೊಡೆಸುವುದೆಂದು ಆಗಲೇ ಯೋಚಿಸುತ್ತಿದ್ದಳು.

ಆ ರಾತ್ರಿ ಪಟ್ಟಿಯನ್ನು ಅಮ್ಮನಿಗೆ ತೋರಿಸಿದೆ. ಎಂಬತ್ತು ದಾಟಿದ ಅಮ್ಮ ಕನ್ನಡಕ ಸರಿಮಾಡಿಕೊಂಡು, ಚೌಕಾಬಾರದ ಹಲಗೆಯನ್ನು ನೋಡುವಂತೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

‘ಮೂರು ಮನೆ ಬರೆದಿದ್ದೀಯಲ್ಲೋ. ಒಂದು ನಂದು, ಒಂದು ಅವನದು, ಒಂದು ನಿಂದು. ನಿನ್ನ ತಂಗಿ ಮನೆ ಎಲ್ಲಿ?’

‘ಅವಳಿಗೆ ಹತ್ತು ಲಕ್ಷ ಅಂತ ಅಣ್ಣ...’ ಎಂದೆ.

‘ಅದು ಪಟ್ಟೀಲಿ ಎಲ್ಲಿದೆ ಅಂತ ಕೇಳಿದೆ’ ಎಂದು ಅಮ್ಮ ಕನ್ನಡಕ ತೆಗೆದರು.

ನಾನು ಅದನ್ನು ಮೇಲೆ, ದಲ್ಲಾಳಿಯ ಕಮಿಷನ್ನಿನ ಕೆಳಗೆ, ‘ಖರ್ಚು’ ಎಂಬ ಶೀರ್ಷಿಕೆಯಲ್ಲಿ ಬರೆದಿದ್ದೆ. ಅಣ್ಣ ಹಾಗೆ ಬರೆ ಎಂದಿರಲಿಲ್ಲ. ಬರೆದವನು ನಾನೇ.

ಮನೆ ಕಟ್ಟುವಾಗ ಅವಳಿಗೆ ಹನ್ನೆರಡು ವರ್ಷ. ಗಾರೆ ಆರದಂತೆ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆಯಬೇಕಿತ್ತು. ನನಗೆ ಎಸ್ಸೆಸ್ಸೆಲ್ಸಿ, ಅಣ್ಣನಿಗೆ ಕಾಲೇಜು. ಪಕ್ಕದ ತೊಟ್ಟಿಯಿಂದ ಬಕೆಟ್ ಹೊತ್ತು ನೀರು ಹಾಕಿ ಶಾಲೆಗೆ ಹೋಗುತ್ತಿದ್ದವಳು ಅವಳು. ಅದಕ್ಕಾಗಿ ಅವಳಿಗೆ ಪಾಲು ಎಂದು ನಾನು ಹೇಳುತ್ತಿಲ್ಲ. ನೀರು ಹೊರದಿದ್ದರೂ ಅವಳ ಪಾಲು ಅವಳದೇ. ಅಪ್ಪ ಸ್ವಂತ ಸಂಪಾದನೆಯಿಂದ ಕೊಂಡು, ಉಯಿಲು ಬರೆಯದೆ ಹೋದ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದ ತಿದ್ದುಪಡಿಗಳು ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದವು. ನಮ್ಮ ಮನೆಗೆ ಅವುಗಳ ಅಗತ್ಯವೇ ಇರಲಿಲ್ಲ. ನಾನು ಹುಟ್ಟುವುದಕ್ಕೂ ಮುಂಚಿನ ಕಾಯ್ದೆ. ಗೊತ್ತಿರಲಿಲ್ಲ ಎನ್ನಲಾರೆ.

ನಾಲ್ಕು ಮನೆ ಗೆರೆ ಎಳೆದು ಮತ್ತೆ ಬರೆದೆ. ತಲಾ 54 ಲಕ್ಷ. ಅಮ್ಮನದೂ ನನ್ನದೂ ಸೇರಿ 1 ಕೋಟಿ 8 ಲಕ್ಷ. ಗ್ರಾಫಿನಲ್ಲಿ ಅಡ್ಡಗೆರೆ ಎಳೆದು ನೋಡಿದರೆ ಅದು ಕೆಂಗೇರಿಯನ್ನು ದಾಟಿ ಕುಂಬಳಗೋಡಿನ ಹತ್ತಿರ ಹೋಗಿ ಮುಟ್ಟಿತು. ತಂಗಿಯ ಪಾಲನ್ನು ನಾನು ರೂಪಾಯಿಯಲ್ಲಿ ಮಾತ್ರ ಯೋಚಿಸಿದ್ದೆ. ನಮ್ಮ ಪಾಲಿಗೆ ಅದು ಸುಮಾರು ಐದು ಕಿಲೋಮೀಟರ್. ಅಮ್ಮನ ಆಸ್ಪತ್ರೆಗೆ ಐದು ಕಿಲೋಮೀಟರ್, ನನ್ನ ಶಾಲೆಗೆ ಐದು, ಕಾವೇರಿ ನೀರು ಇಲ್ಲ.

ತಂಗಿಗೆ ಫೋನ್ ಮಾಡಿದೆ. ‘ನೀನು ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕ್ತೀನಣ್ಣ’ ಎಂದಳು. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಬಿಡುಗಡೆ ಪತ್ರಕ್ಕಲ್ಲ, ಕ್ರಯಪತ್ರಕ್ಕೇ ಸಹಿ ಹಾಕಬೇಕು, ಬ್ಯಾಂಕಿನ ಪಾಸ್ ಪುಸ್ತಕ ತಗೊಂಡು ಬಾ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ದೊಡ್ಡಣ್ಣ ಒಪ್ಪಿದ್ದಾನಾ?’ ಎಂದಳು.

ದೊಡ್ಡಣ್ಣ ಒಪ್ಪಿರಲಿಲ್ಲ. ಅವನ ಸಾಲವೂ ಸುಳ್ಳಲ್ಲ. ಹದಿನಾಲ್ಕೂವರೆ ಲಕ್ಷ ಅವನಿಗೆ ಸಣ್ಣ ಮೊತ್ತವಲ್ಲ. ‘ಎಲ್ಲರ ಮನೇಲೂ ನಡೆಯೋ ಹಾಗೆ ನಡೆಸು ಅಂದರೆ ನೀನು ಕಾನೂನು ಓದ್ತೀಯ’ ಎಂದು ರೇಗಿದ. ಬಿಡುಗಡೆ ಪತ್ರವನ್ನು ಅವಳಿಂದ ಕೇಳುವವನು ನಾನಲ್ಲ, ಬೇಕಾದರೆ ನೀನೇ ಕೇಳು ಎಂದೆ. ಅವನು ಕೇಳಲಿಲ್ಲ. ಇ-ಖಾತಾ ಕಡ್ಡಾಯವಾಗಿ, ಅದಕ್ಕೆಂದು ಅಲೆದು, 2024ರ ಕೊನೆಗೆ ನೋಂದಣಿಯಾಯಿತು. ಕಚೇರಿಯ ಬೆಂಚಿನ ಮೇಲೆ ನಾಲ್ವರೂ ಕುಳಿತು ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡೆವು. ಅಣ್ಣ ಅಂದೇ ಸಂಜೆಯ ಬಸ್ಸಿಗೆ ಹೊರಟ. ನಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ.

2025ರ ಆರಂಭದಿಂದ ನಾವು ಕುಂಬಳಗೋಡಿನ ಕಡೆಯ ಬಡಾವಣೆಯಲ್ಲಿದ್ದೇವೆ. ಭೂಪರಿವರ್ತನೆಯಾದ, ನಕ್ಷೆಗೆ ಮಂಜೂರಾತಿ ಇರುವ ಜಾಗ. ಒಂದು ಕೋಟಿ ಬಿತ್ತು. ಚಲ್ಲಘಟ್ಟದಿಂದ ಆಟೊ. ನೀರಿನ ಟ್ಯಾಂಕರಿನವನ ನಂಬರು ನನ್ನಾಕೆಗೆ ಬಾಯಿಪಾಠ. ಆ ಐದು ಕಿಲೋಮೀಟರನ್ನು ನಿಜವಾಗಿ ನಡೆದವಳು ಅವಳು. ನನ್ನನ್ನು ಒಂದು ದಿನವೂ ಹಂಗಿಸಿಲ್ಲ, ಮೆಚ್ಚಿಯೂ ಇಲ್ಲ. ತಂಗಿ ತನ್ನ ಹಣದಲ್ಲಿ ಅರಸೀಕೆರೆಯ ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಕೊಂಡಳು. ಅಲ್ಲಿ ಚದರ ಅಡಿಗೆ ಎಷ್ಟೆಂದು ನಾನು ಕೇಳಲಿಲ್ಲ.

ಎಂಟು ತಿಂಗಳು ಅಣ್ಣ ನನ್ನೊಡನೆ ಮಾತಾಡಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಇಟ್ಟುಬಿಡುತ್ತಿದ್ದ. ಮೊನ್ನೆ ಒಂದು ಭಾನುವಾರ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು, ನಾನೇ ಎತ್ತಿದೆ. ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಗಂಟಲು ಸರಿಮಾಡಿಕೊಂಡು ಅಣ್ಣ ಕೇಳಿದ:

‘ಮತ್ತೆ... ಅಲ್ಲಿ ಈಗ ಚದರ ಅಡಿಗೆ ಎಷ್ಟು ನಡೀತಿದೆಯೋ?’

ನಾನು ಹೋಗಿ ಪ್ರಯೋಗ ದಾಖಲೆ ಪುಸ್ತಕ ತಂದು, ಕುರ್ಚಿ ಎಳೆದುಕೊಂಡು ಕುಳಿತು, ಮೊದಲಿನಿಂದ ಹೇಳತೊಡಗಿದೆ.