ಖಂಡಸ್ಫುಟಿತ ಜೀರ್ಣೋದ್ಧಾರ: ಒಂದು ಕಿಟಕಿಯ ಹಿಡಿಯ ಪ್ರಸಂಗ

ಕನ್ನಡನಾಡಿನ ಬಸದಿಗಳ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿಗಟ್ಟು ಚಿರಪರಿಚಿತ. ದೇವರ ಅಷ್ಟವಿಧಾರ್ಚನೆಗೂ ಋಷಿಯರ ಆಹಾರದಾನಕ್ಕೂ ಭೂಮಿಯನ್ನು ಬಿಡುವ ದಾನಿಯು ಮುರಿದುದರ, ಬಿರುಕುಬಿಟ್ಟುದರ, ಸವೆದುದರ ದುರಸ್ತಿಗೂ ಅದರಲ್ಲಿ ಪಾಲಿರಿಸುತ್ತಾನೆ. ಕಲ್ಲಿನಲ್ಲಿ ಕಟ್ಟಿದ್ದೂ ಒಂದು ದಿನ ಶಿಥಿಲವಾಗುತ್ತದೆ ಎಂಬ ಅರಿವು ಆತನಿಗಿತ್ತು. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಕೂಡಿದುದೇ ಸತ್ ಎಂದು ಬೋಧಿಸುವ ದರ್ಶನದ ಅನುಯಾಯಿಗೆ ಇದು ಸಹಜವಾದ ಲೆಕ್ಕಾಚಾರ. ಪರ್ಯಾಯಗಳು ಹುಟ್ಟುತ್ತವೆ, ಅಳಿಯುತ್ತವೆ, ದ್ರವ್ಯ ನಿಲ್ಲುತ್ತದೆ. ಉಳಿಯಬೇಕಾದುದು ಯಾವುದು, ಬದಲಾಗಬೇಕಾದುದು ಯಾವುದು ಎಂದು ಗುರುತಿಸುವುದು ಜೀರ್ಣೋದ್ಧಾರದ ಮೊದಲ ಕೆಲಸ.

ಶ್ರಾವಕರ ಮನೆಗಳ ಜೀರ್ಣೋದ್ಧಾರಕ್ಕೆ ಯಾರೂ ಶಾಸನ ಹಾಕಿಸುವುದಿಲ್ಲ. ಆದರೆ ಅಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಹಾಸನ ಜಿಲ್ಲೆಯ ಒಂದು ಊರಿನ ಹಳೆಯ ಮನೆಯಲ್ಲಿ ಎಂಬತ್ತರ ಗಡಿ ದಾಟಿದ ಶ್ರಾವಕಿಯೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ. ಆ ಮನೆಗೆ ತೇಗದ ಕದಗಳ ಆರು ಕಿಟಕಿಗಳು. ಪ್ರತಿಯೊಂದಕ್ಕೂ ಬಿಲ್ಲಿನಂತೆ ಬಾಗಿದ ಹಿತ್ತಾಳೆಯ ಹಿಡಿ. ದಶಕಗಳ ಕಾಲ ಬೆರಳುಗಳು ಉಜ್ಜಿ ಉಜ್ಜಿ ಹಿಡಿಗಳ ನಡುಭಾಗ ತೆಳುವಾಗಿತ್ತು. ಊಟದ ಕೋಣೆಯ ಪಶ್ಚಿಮದ ಕಿಟಕಿಯ ಹಿಡಿ ಒಂದು ಮಳೆಗಾಲದಲ್ಲಿ, ತೇವಕ್ಕೆ ಉಬ್ಬಿ ಬಿಗಿದಿದ್ದ ಕದವನ್ನು ಎಳೆಯುವಾಗ ತಿರುಪುಗಳ ಸಮೇತ ಕಿತ್ತು ಅವರ ಕೈಗೆ ಬಂದಿತು. ಕಿಟಕಿ ಮುಚ್ಚಿದಂತೆಯೇ ಉಳಿಯಿತು.

ಇದರ ಪರಿಣಾಮ ಮಗನಿಗೆ ತಿಳಿದದ್ದು ಎರಡು ತಿಂಗಳ ಅನಂತರ. ಊರಿಗೆ ಬಂದವನು ತಾಯಿ ಸೊರಗಿರುವುದನ್ನು ಕಂಡು ವೈದ್ಯರಲ್ಲಿಗೆ ಕರೆದೊಯ್ದ. ರೋಗವೇನೂ ಇರಲಿಲ್ಲ. ಸಂಜೆ ಏನು ಉಣ್ಣುತ್ತೀರಿ ಎಂದು ವೈದ್ಯರು ಕೇಳಿದಾಗ ಆಕೆ ಸುಮ್ಮನಾದರು. ರಾತ್ರಿಭೋಜನ ತ್ಯಾಗವನ್ನು ಅವರು ಬಾಲ್ಯದಿಂದ ಪಾಲಿಸಿಕೊಂಡು ಬಂದವರು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಇರುವಾಗಲೇ ಅವರ ಊಟ ಮುಗಿಯಬೇಕು. ಅನ್ನದಲ್ಲಿ ಬಿದ್ದ ಜೀವ ಕಾಣದಷ್ಟು ಕತ್ತಲೆಯಿರುವೆಡೆಯಲ್ಲಿ ಹಗಲಿನಲ್ಲಿ ಉಂಡರೂ ಅದು ರಾತ್ರಿ ಉಂಡಂತೆಯೇ ಎಂಬ ಹಿರಿಯರ ಮಾತನ್ನೂ ಅವರು ನಂಬಿದ್ದರು. ಪಶ್ಚಿಮದ ಕಿಟಕಿ ಮುಚ್ಚಿದ ಮೇಲೆ ಮೋಡ ಕವಿದ ಸಂಜೆಗಳಲ್ಲಿ ಆ ಕೋಣೆಗೆ ದೀಪ ಬೇಕಾಗುತ್ತಿತ್ತು. ದೀಪ ಹಾಕಿ ಉಣ್ಣಲು ಮನಸ್ಸೊಪ್ಪದೆ ಆಕೆ ಉಪವಾಸವನ್ನೇ ಆರಿಸಿಕೊಂಡಿದ್ದರು. ಮಳೆಗಾಲವೆಲ್ಲ ಹಾಗೆಯೇ ಕಳೆದಿತ್ತು.

ಮಗನಿಗೆ ತೋಚಿದ ಪರಿಹಾರ ದೊಡ್ಡದು. ಆರೂ ಕಿಟಕಿಗಳನ್ನು ಚೌಕಟ್ಟಿನ ಸಮೇತ ಕಿತ್ತು, ಬೆರಳಿನಿಂದ ಸರಿಸಿದರೆ ಜಾರುವ ಅಲ್ಯೂಮಿನಿಯಂ ಕಿಟಕಿಗಳನ್ನು ಕೂರಿಸುವುದು. ತಾಯಿಯ ಗಂಟುನೋವಿನ ಕೈಗಳನ್ನು ನೆನೆದರೆ ಆ ಯೋಚನೆಯಲ್ಲಿ ನ್ಯಾಯವಿತ್ತು. ಆಕೆ ಹೇಳಿದ್ದು ಇಷ್ಟೆ: “ಗೋಡೆ ಯಾಕಪ್ಪ ಒಡೆಸ್ತೀಯ? ಹೋಗಿರೋದು ಹಿಡಿ ತಾನೆ?”

ಈ ಪ್ರಶ್ನೆಯನ್ನು ಗ್ರಂಥಸಂಪಾದಕನೂ ತನಗೆ ತಾನೇ ಕೇಳಿಕೊಳ್ಳಬೇಕಾಗುತ್ತದೆ. ಓಲೆಯಲ್ಲಿ ಒಂದು ಅಕ್ಷರ ಹುಳು ತಿಂದು ಹೋಗಿದ್ದರೆ ಆ ಅಕ್ಷರವನ್ನು ಊಹಿಸಬಹುದು. ಪದ್ಯವನ್ನೇ ಹೊಸದಾಗಿ ಬರೆಯುವ ಅಧಿಕಾರ ಸಂಪಾದಕನಿಗಿಲ್ಲ. ಹಾಗೆಂದು, ಏನನ್ನೂ ಮುಟ್ಟದೆ ಬಿಡುವುದೂ ನಿಷ್ಠೆಯೆನಿಸದು. ಓಲೆಯ ರಂಧ್ರದಲ್ಲಿ ಪೋಣಿಸಿದ ದಾರ ಹರಿದಾಗ ಗರಿಗಳನ್ನು ಮತ್ತೆ ಕಟ್ಟಲೇಬೇಕು. ಕಟ್ಟುವವನು ಅವುಗಳ ಕ್ರಮವನ್ನು ಓದಿಕೊಳ್ಳದಿದ್ದರೆ ಗ್ರಂಥ ಇದ್ದೂ ಇಲ್ಲದಂತಾಗುತ್ತದೆ.

ಕಲ್ಲಿನಲ್ಲಿಯೂ ಹೀಗಾಗುವುದುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಜಾಲಂಧ್ರಗಳು ಭದ್ರಬಾಹು ಶ್ರುತಕೇವಲಿ ಹಾಗೂ ಚಂದ್ರಗುಪ್ತರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಹೇಳುತ್ತವೆ. ಅಲ್ಲಿ ಕೊರೆದಿರುವ ‘ದಾಸೋಜ’ ಎಂಬ ಹೆಸರು ಅವುಗಳ ಶಿಲ್ಪಿಯದೆಂದೂ, ಕಾಲ ಹನ್ನೆರಡನೆಯ ಶತಮಾನವೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಎಪಿಗ್ರಾಫಿಯ ಕರ್ನಾಟಿಕದ ಶ್ರವಣಬೆಳಗೊಳ ಸಂಪುಟವನ್ನು 1923ರಲ್ಲಿ ಪರಿಷ್ಕರಿಸಿ ಹೊರತಂದ ಆರ್. ನರಸಿಂಹಾಚಾರ್ಯರು ಪೂರ್ವದಿಕ್ಕಿನ ಜಾಲಂಧ್ರದ ಸಾಲುಗಳಲ್ಲಿ ಕ್ರಮಭಂಗವಾಗಿರುವುದನ್ನು ಗಮನಿಸಿ, ಅದು ಮುಂದೆಂದೋ ನಡೆದ ದುರಸ್ತಿಯ ಫಲವೆಂದು ಭಾವಿಸಿದರು. ಬೆಳಕು ಈಗಲೂ ಆ ರಂಧ್ರಗಳಿಂದ ಒಳಗೆ ಬರುತ್ತದೆ. ಕಥೆ ಮಾತ್ರ ಸಾಲಿನಿಂದ ಸಾಲಿಗೆ ತಡವರಿಸುತ್ತದೆ. ಪಕ್ಕದಲ್ಲೇ ಇರುವುದು, ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ ಬಸದಿ. ಬೆಳಕಿನ ಕೊರತೆಯಿಂದ ಜನ ಅದನ್ನು ಕತ್ತಲೆ ಬಸದಿಯೆಂದೇ ಕರೆಯುತ್ತಾರೆ.

ಆ ಮನೆಯ ಹಿಡಿಗಳ ಕೆಲಸಕ್ಕೆ ಬಂದವನು ಊರಿನದೇ ಬಡಗಿ. ಎಲ್ಲರ ಬಾಯಲ್ಲಿ ಆಚಾರಿ. ಉಪಾಧ್ಯಾಯ ಶಬ್ದ ‘ಓಜ’ ಎಂದಾಗಿ ದಾಸೋಜನಂಥ ಶಿಲ್ಪಿಗಳ ಹೆಸರಿನಲ್ಲಿ ಸೇರಿತು. ಆಚಾರ್ಯ ಶಬ್ದ ‘ಆಚಾರಿ’ಯಾಗಿ ಇಂದಿನ ಬಡಗಿಯ ಹೆಸರಿನಲ್ಲಿ ಉಳಿದಿದೆ. ಪಂಚಪರಮೇಷ್ಠಿಗಳಲ್ಲಿ ಸ್ಥಾನ ಪಡೆದ ಎರಡು ಪದಗಳು ಉಳಿಯ ಕೆಲಸದವರಿಗೂ ಸಂದಿರುವುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು.

ಮಗ ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಹಿಡಿಗಳನ್ನು ಮೊದಲೇ ತಂದಿದ್ದ. ಆಚಾರಿ ಅವನ್ನು ಕದದ ಮೇಲಿಟ್ಟು ತಲೆಯಲ್ಲಾಡಿಸಿದ. ಹಳೆಯ ಹಿಡಿಯ ಎರಡು ತೂತುಗಳ ನಡುವಿನ ಅಂತರ ನಾಲ್ಕು ಅಂಗುಲ, ಅಂದರೆ 101.6 ಮಿಲಿಮೀಟರ್, ಹೊಸತರದು 96. ಐದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸ ಕಣ್ಣಿಗೆ ಅಲ್ಪವಾದರೂ ಮರಕ್ಕೆ ದೊಡ್ಡದು. ಹೊಸ ತೂತು ಹಳೆಯದರ ಅಂಚಿಗೇ ಬಂದು ಕೂರುತ್ತದೆ. ಎರಡೂ ಸೇರಿ ಒಂದಾದರೆ ತಿರುಪಿಗೆ ಹಿಡಿತವೇ ಇರುವುದಿಲ್ಲ. ಹಿಡಿ ಕಿತ್ತುಬಂದ ಕಾರಣವನ್ನೂ ಅವನು ತೋರಿಸಿದ. ಹಿಂದೆಂದೋ ಯಾರೋ ಹಿತ್ತಾಳೆಯ ಹಿಡಿಗೆ ಕಬ್ಬಿಣದ ತಿರುಪು ಹಾಕಿದ್ದರು. ತೇವವಿರುವೆಡೆ ಈ ಎರಡು ಲೋಹಗಳು ತಾಗಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತಿರುಪು ಸವೆದು, ಸುತ್ತಲಿನ ತೇಗ ಕಪ್ಪಿಟ್ಟು ಪುಡಿಯಾಗಿತ್ತು. ಹಿಡಿ ಸವೆದಿದ್ದರೂ ಅದು ಸೋತದ್ದು ಹಿಂದಿನ ದುರಸ್ತಿಯಿಂದ.

ಅವನು ಕೊಳೆತ ಮರವನ್ನು ಕೆರೆದು ತೆಗೆದು, ತೇಗದ ಬೆಣೆಗಳನ್ನು ಅಂಟು ಸವರಿ ತೂತುಗಳಿಗೆ ಬಡಿದು ಒಂದು ರಾತ್ರಿ ಒಣಗಲು ಬಿಟ್ಟ. ಅಂಗಡಿಯ ಹಿಡಿಗಳನ್ನು ಹಿಂದಿರುಗಿಸಿ, ನಾಲ್ಕು ಅಂಗುಲದ ಅಂತರವಿರುವ, ಬೆರಳುಗಳು ನೋಯದಂತೆ ದಪ್ಪನಾದ ಹಿತ್ತಾಳೆಯ ಹಿಡಿಗಳನ್ನು ತರಿಸಿದ. ಮರುದಿನ ತಿರುಪಿಗಿಂತ ಸಣ್ಣ ತೂತು ಕೊರೆದು, ಮೊದಲು ಕಬ್ಬಿಣದ ತಿರುಪನ್ನು ತಿರುಗಿಸಿ ದಾರಿಮಾಡಿ, ಅದನ್ನು ತೆಗೆದು ಹಿತ್ತಾಳೆಯ ತಿರುಪಿಗೆ ಮೇಣದ ಬತ್ತಿ ಉಜ್ಜಿ ಕೂರಿಸಿದ. ಹಿತ್ತಾಳೆ ಮೆತುವಾದ ಲೋಹ. ಮೊದಲೇ ಬಲ ಹಾಕಿದರೆ ತಿರುಪಿನ ತಲೆ ಮುರಿಯುತ್ತದೆ. ಉಬ್ಬಿದ ಅಂಚನ್ನು ಉಜ್ಜುಗೊರಡಿನಿಂದ ಒಂದೆರಡು ಸಲ ಹೆರೆದ ಮೇಲೆ ಪಶ್ಚಿಮದ ಕದ ಎರಡು ಬೆರಳಿಗೆ ತೆರೆದುಕೊಂಡಿತು. ಅಂದು ಸಂಜೆ ಆಕೆ ಬಿಸಿಲು ಬಿದ್ದ ಎಲೆಯ ಮುಂದೆ ಕುಳಿತು ಅನ್ನ ಸಾರು ಉಂಡರು. ಮಗ ಎದುರಿಗೆ ಕುಳಿತು ನೋಡುತ್ತಿದ್ದ.

ಐದು ಕಿಟಕಿಗಳ ಕೆಲಸ ಮುಗಿದು ಆರನೆಯದರ ಸಡಿಲ ಹಿಡಿಯನ್ನು ಬಿಚ್ಚಿದಾಗ ತಿರುಪಿನ ತೂತಿಗೆ ಹಸಿಮಣ್ಣಿನ ಬಿರಡೆ ಬಿದ್ದಿರುವುದು ಕಂಡಿತು. ಒಳಗೆ ಕಣಜವೊಂದು ಮೊಟ್ಟೆಯಿಟ್ಟು ಮೆತ್ತಿ ಹೋಗಿತ್ತು. ಆಚಾರಿ ಮೊಳೆಯಿಂದ ಕೆರೆಯಹೊರಟಾಗ ಆಕೆ ತಡೆದರು: “ಬ್ಯಾಡಿ ಆಚಾರ್ರೇ, ಅದು ಹೋಗೋವರ್ಗೂ ಇರ್ಲಿ.” ವಸ್ತುಗಳನ್ನು ಎತ್ತುವಾಗ, ಇಡುವಾಗ ಜೀವಗಳಿವೆಯೇ ಎಂದು ನೋಡಿ ನಡೆಯುವ ಆದಾನನಿಕ್ಷೇಪಣ ಸಮಿತಿ ಮುನಿಗಳಿಗೆ ವಿಧಿಸಿದ ಆಚರಣೆ, ಗೃಹಸ್ಥರಿಗೆ ಅದು ಕಡ್ಡಾಯವಲ್ಲ. ಆದರೂ ದಿನವೂ ಕಿಟಕಿ ಮುಚ್ಚುವ ಮುನ್ನ ಚೌಕಟ್ಟಿನ ಸಂದಿನಲ್ಲಿ ಹಲ್ಲಿ, ಇರುವೆ ಇವೆಯೇ ಎಂದು ಇಣುಕುವುದು ಆ ಮನೆಯ ರೂಢಿಯಾಗಿತ್ತು. ಆಚಾರಿ ಮರುಮಾತಾಡದೆ ಆರನೆಯ ಹಿಡಿಯನ್ನು ತಿರುಪುಗಳೊಡನೆ ಕಾಗದದಲ್ಲಿ ಸುತ್ತಿ ಕಿಟಕಿಯ ಬಳಿ ಇಟ್ಟುಹೋದ.

ಮುಂದಿನ ತಿಂಗಳು ಮಗ ಬಂದಾಗ ಮಣ್ಣಿನ ಬಿರಡೆಯಲ್ಲಿ ದುಂಡನೆಯ ರಂಧ್ರ ಬಿದ್ದಿತ್ತು, ಗೂಡು ಬರಿದಾಗಿತ್ತು. ಅವನು ಮಣ್ಣನ್ನು ತೆಗೆದು, ಆಚಾರಿ ಬಿಟ್ಟುಹೋಗಿದ್ದ ಬೆಣೆಯನ್ನು ಅಂಟಿಸಿ, ಮರುದಿನ ಬೆಳಿಗ್ಗೆ ತಾನೇ ಕೆಲಸಕ್ಕೆ ಕುಳಿತ. ಮೊದಲು ಕಬ್ಬಿಣದ ತಿರುಪು, ಆಮೇಲೆ ಹಿತ್ತಾಳೆಯದು.